ಮಾವನ ಲೇತು, ಮಾವನ ಹಾಡು

ಚನ್ನಪಟ್ಟಣದಲ್ಲಿ ನಮ್ಮ ಸೋದರಮಾವನದೊಂದು ಬೊಂಬೆ ಕಾರ್ಖಾನೆ ಇದೆ. ದೊಡ್ಡದೇನಲ್ಲ. ಶೀಟಿನ ಸೂರು, ಮರ ತಿರುಗಿಸಿ ಕಡೆಯುವ ನಾಲ್ಕು ಲೇತು, ಆರು ಜನ ಕೆಲಸದವರು. ಬುಗುರಿ, ಗಿಲಕಿ, ಬಳೆ, ಮಕ್ಕಳು ದಾರ ಕಟ್ಟಿ ಎಳೆಯುವ ಗಾಡಿ, ಇವೆಲ್ಲ ಅಲ್ಲಿ ತಯಾರಾಗುತ್ತವೆ. ಬೆಳಿಗ್ಗೆ 9ಕ್ಕೆ ಮೋಟರ್ ಹಾಕಿದರೆ ಸಂಜೆ 6ರವರೆಗೆ ಲೇತು ತಿರುಗುತ್ತಲೇ ಇರುತ್ತದೆ. ಅಷ್ಟು ಹೊತ್ತೂ ಹಾಡು ಇರಲೇಬೇಕು. ಒಂದೇ ಅಳತೆಯ ಇನ್ನೂರು ಬುಗುರಿ ಕಡೆಯುವವರಿಗೆ ಹಾಡು ಶೋಕಿಯಲ್ಲ. ಊಟದ ಡಬ್ಬಿ ಎಷ್ಟು ಮುಖ್ಯವೋ ಹಾಡೂ ಅಷ್ಟೇ ಮುಖ್ಯ.

ಆರ್ಡರು, ಬಿಲ್ಲು ನೋಡಿಕೊಳ್ಳುವ ಕಂಪ್ಯೂಟರ್ ನನ್ನ ಪಾಲಿನದು. ಅದಕ್ಕೆ ಹಾಕಿದ ಸ್ಪೀಕರ್ ಕೂಡ ಹಾಗೆಯೇ ನನ್ನ ಪಾಲಿಗೆ ಬಂತು. ಬೇಸ್, ಅಂದರೆ ತಗ್ಗು ಸ್ವರ ನುಡಿಸುವ ಒಂದು ವೂಫರ್, ಎರಡು ಚಿಕ್ಕ ಬಾಕ್ಸು ಇರುವ 2.1 ಸೆಟ್. 2010ರಲ್ಲಿ ತಂದ ಮೊದಲನೆಯದು ಎಂಟು ತಿಂಗಳಿಗೆ ಹೋಯಿತು. ಎರಡನೆಯದು ಎರಡು ವರ್ಷ ಬಂತು. 2014ರಲ್ಲಿ ತಂದ ಮೂರನೆಯದು ಇವತ್ತಿಗೂ ಹಾಡುತ್ತಿದೆ. ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ ಆರು ದಿನ, ಲೇತಿನ ಸದ್ದನ್ನು ಮೀರಿಸಿ. ಮೂರನೆಯದಕ್ಕೆ ನಾವು ಕೊಟ್ಟ ದುಡ್ಡು ಮೊದಲನೆಯದಕ್ಕಿಂತ ಜಾಸ್ತಿಯೇನೂ ಅಲ್ಲ. ಹಾಗಾದರೆ ಬದಲಾದದ್ದು ಏನು ಅಂತ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ.

ಮೊದಲ ಸೆಟ್ಟಿನ ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಸಾವಿರದ ಲೆಕ್ಕದಲ್ಲಿ ವ್ಯಾಟ್ ಬರೆದಿತ್ತು. ಪಕ್ಕದಲ್ಲಿ ಪಿಎಂಪಿಒ ಅಂತ ನಾಲ್ಕು ಅಕ್ಷರ. ಆಗ ಅದರ ಅರ್ಥ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಂದು ಹೋಗುವ ಏಟಿನ ಲೆಕ್ಕ ಅದು. ಅದನ್ನು ಅಳೆಯುವುದಕ್ಕೆ ಎಲ್ಲರೂ ಒಪ್ಪಿದ ಒಂದು ಪದ್ಧತಿ ಕೂಡ ಇಲ್ಲ. ದಿನವಿಡೀ ದುಡಿಯುವ ಶಕ್ತಿ ಎಷ್ಟು ಅಂತ ಹೇಳುವುದು ಆರ್‌ಎಂಎಸ್ ಲೆಕ್ಕ. ಅದು ಹಿಂದುಗಡೆ ಸಣ್ಣ ಅಕ್ಷರದಲ್ಲಿತ್ತು: 20 ವ್ಯಾಟ್. ಅಂದರೆ ಎರಡು ಎತ್ತಿನ ಗಾಡಿಗೆ ನಾವು ಲಾರಿಯ ಹೊರೆ ಹೇರಿದ್ದೆವು.

ಎಂಟನೇ ತಿಂಗಳಿಗೆ ಎಡಗಡೆ ಬಾಕ್ಸು ಗೊರಗೊರ ಅನ್ನತೊಡಗಿತು. ಆಮೇಲೆ ಪೂರ್ತಿ ನಿಂತಿತು. ಆರ್ಡರ್ ಕೊಡಲು ಬೆಂಗಳೂರಿಗೆ ಹೊರಟಿದ್ದ ಮಾವ, 'ಬಾರ್ಲಾ, ಅದನ್ನೂ ತಗೊಂಡು ಹೋಗಾನ' ಅಂದರು. ಎಸ್.ಪಿ. ರಸ್ತೆಯ ಒಂದು ಸಂದಿಯಲ್ಲಿ ಸ್ಪೀಕರ್‌ಗೆ ಕಾಯಿಲ್ ಕಟ್ಟುವವರೊಬ್ಬರು ಇದ್ದರು. ವಯಸ್ಸಾದವರು. ಬ್ಲೇಡಿನಿಂದ ಕೋನ್‌ನ, ಅಂದರೆ ಅದುರಿ ಸದ್ದು ಹೊರಡಿಸುವ ಮುಂದಿನ ಬಟ್ಟಲಿನ, ಅಂಚು ಬಿಡಿಸಿ, ಒಳಗಿನ ಕಾಯಿಲ್ ಹೊರಗೆ ಎಳೆದು ನಮ್ಮ ಮುಂದೆ ಇಟ್ಟರು.

ಅವತ್ತು ಅದನ್ನು ಹತ್ತಿರದಿಂದ ನೋಡಿದ್ದು ನೆನಪಿದೆ. ಹೆಬ್ಬೆರಳಿಗೆ ಹಾಕುವ ಉಂಗುರದಷ್ಟು ಅಗಲದ ಕಾಗದದ ಕೊಳವೆ. ಅದರ ಮೇಲೆ ಕೂದಲಿಗಿಂತ ಸ್ವಲ್ಪ ದಪ್ಪ ಇರುವ ತಾಮ್ರದ ತಂತಿ, ಸುತ್ತಿನ ಪಕ್ಕ ಸುತ್ತು, ಅಂಟು ಹಾಕಿ ಕೂರಿಸಿದ್ದು. ಇದು ಅಯಸ್ಕಾಂತದ ನಡುವಿನ ಸಂದಿಯಲ್ಲಿ ಮುಂದೆ ಹಿಂದೆ ಆಡಬೇಕು. ಎರಡೂ ಬದಿಗೆ ಇರುವ ಜಾಗ ಒಂದು ಮಿಲಿಮೀಟರ್ ಕೂಡ ಇಲ್ಲ. ನಮ್ಮ ಕಾಯಿಲ್‌ನ ಒಂದು ಬದಿ ತಾಮ್ರದ ಬಣ್ಣದಲ್ಲಿತ್ತು. ಇನ್ನೊಂದು ಬದಿ ಹುರಿದ ಕಾಫಿ ಬೀಜದ ಹಾಗೆ ಕಪ್ಪಾಗಿತ್ತು. ಅಲ್ಲಿ ಅಂಟು ಸಡಿಲವಾಗಿ ಎರಡು ಸುತ್ತು ತಂತಿ ಎದ್ದು ನಿಂತಿತ್ತು. ಅದೇ ಆ ಸಂದಿಗೆ ಉಜ್ಜುತ್ತಿದ್ದದ್ದು. ಗೊರಗೊರ ಸದ್ದು ಅದರದ್ದೇ.

ಮಾವ ಅದನ್ನು ಮೂಗಿನ ಹತ್ತಿರ ಹಿಡಿದು ಮೂಸಿದರು. 'ಬಿಸಿಗೆ ಹೋಗೈತೆ ಕಣ್ಲಾ ಇದು' ಅಂದರು.

ಅವರಿಗೆ ಅದು ತಕ್ಷಣ ಗೊತ್ತಾಗಿದ್ದು ಅರಗಿನಿಂದ. ನಮ್ಮಲ್ಲಿ ಬೊಂಬೆಗೆ ಬಣ್ಣ ಬಳಿಯುವುದಿಲ್ಲ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆ ಗರಿ ಒತ್ತಿ ಹೊಳಪು ತರುತ್ತಾರೆ. ಎಷ್ಟು ಬಿಸಿಗೆ ಅರಗು ಮೆತ್ತಗಾಗುತ್ತದೆ, ಎಷ್ಟಕ್ಕೆ ಸೀದು ಹೋಗುತ್ತದೆ ಅನ್ನುವುದು ಮಾವನ ಬೆರಳಿಗೆ ಗೊತ್ತು, ಮೂಗಿಗೂ ಗೊತ್ತು. (ಹಳೇ ಕಾಲದ 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟುಗಳೂ ಅರಗಿನಿಂದಲೇ ಆದವು. ಇದನ್ನು ಹೇಳಿದಾಗ ಮಾವನ ಮುಖ ಅರಳಿದ್ದು ನೋಡಬೇಕಿತ್ತು.)

ಆ ಒಂದು ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಜೋರಾಗಿ ಹಾಕಿದರೆ ಸ್ಪೀಕರ್ 'ಒಡೆದು' ಹೋಗುತ್ತದೆ ಅಂತ ನಾವೆಲ್ಲ ಅನ್ನುತ್ತೇವೆ, ಅಲ್ವಾ? ಕೋನ್ ಹರಿಯುತ್ತದೆ ಅಂತ. ಅದೂ ಆಗುತ್ತದೆ. ಆದರೆ ದಿನಾ ಗಂಟೆಗಟ್ಟಲೆ ದುಡಿಸುವವರ ಸ್ಪೀಕರ್ ಸಾಯುವುದು ಹೆಚ್ಚಾಗಿ ಬಿಸಿಗೆ. ಒಳಗೆ ಹೋದ ಕರೆಂಟಿನಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಮಾತ್ರ ಸದ್ದಾಗಿ ಹೊರಬರುತ್ತದೆ. ಉಳಿದದ್ದೆಲ್ಲ ಆ ಉಂಗುರದಷ್ಟು ತಂತಿಯಲ್ಲಿ ಬಿಸಿಯಾಗಿ ಉಳಿಯುತ್ತದೆ. ತಾಮ್ರ ಬಿಸಿಯಾದ ಹಾಗೆ ಅದರ ತಡೆ ಏರುತ್ತದೆ. 100 ಡಿಗ್ರಿ ಜಾಸ್ತಿ ಬಿಸಿಯಾದರೆ ತಡೆ ಸುಮಾರು 40 ಪರ್ಸೆಂಟ್ ಏರುತ್ತದೆ. ತಡೆ ಏರಿದರೆ ಸದ್ದು ತಗ್ಗುತ್ತದೆ. ಬೆಳಿಗ್ಗೆ ಜೋರಾಗಿ ಕೇಳುತ್ತಿದ್ದ ಹಾಡು ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಇಳಿದ ಹಾಗೆ ಅನ್ನಿಸುತ್ತದೆ. ಯಾರೋ ಎದ್ದು ಹೋಗಿ ನಾಬ್ ಇನ್ನೊಂದು ಗೆರೆ ತಿರುಗಿಸುತ್ತಾರೆ. ಇನ್ನಷ್ಟು ಬಿಸಿ. ನಮ್ಮ ಮೊದಲ ಸೆಟ್ಟು ಎಂಟು ತಿಂಗಳು ಹೀಗೇ ಬೆಂದಿತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಂಪ್ಯೂಟರಿನಿಂದ ಬರುವ ಸಣ್ಣ ಅಲೆಯನ್ನು ಸ್ಪೀಕರಿಗೆ ಸಾಲುವಷ್ಟು ದೊಡ್ಡದು ಮಾಡುವ ಆಂಪ್ಲಿಫೈಯರಿಗೂ ಒಂದು ಎತ್ತರ ಅಂತ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಎಷ್ಟು ವೋಲ್ಟೇಜ್ ಕೊಡುತ್ತದೋ ಅದರಾಚೆ ಅದು ಹೋಗಲಾರದು. ಹಾಡಿನ ಅಲೆ ಅದಕ್ಕಿಂತ ಎತ್ತರ ಹೋಗಬೇಕು ಅಂದರೆ ಅದರ ತಲೆ ಚಪ್ಪಟೆಯಾಗುತ್ತದೆ. ದುಂಡಗೆ ಕಡೆದ ಬುಗುರಿಯ ತಲೆಯನ್ನು ಉಳಿಯಿಂದ ಸಮ ಮಾಡಿದ ಹಾಗೆ. ಇದನ್ನೇ ಕ್ಲಿಪ್ಪಿಂಗ್ ಅನ್ನುತ್ತಾರೆ. ಪೂರ್ತಿ ಚಪ್ಪಟೆಯಾದ ಅಲೆ, ಅಷ್ಟೇ ಎತ್ತರದ ದುಂಡನೆಯ ಅಲೆಗಿಂತ ಎರಡು ಪಟ್ಟು ಶಕ್ತಿಯನ್ನು ಕಾಯಿಲ್‌ಗೆ ತುಂಬುತ್ತದೆ. ಜೊತೆಗೆ ಹಾಡಿನಲ್ಲಿ ಇಲ್ಲದ ಚೂಪು ಸದ್ದುಗಳು ಹುಟ್ಟಿಕೊಂಡು, ಚೂಪು ಸ್ವರ ನುಡಿಸುವ ಚಿಕ್ಕ ಸ್ಪೀಕರ್ ಆದ ಟ್ವೀಟರ್‌ಗೆ ನೇರ ಹೋಗುತ್ತವೆ. 20 ವ್ಯಾಟಿನ ಆಂಪ್ಲಿಫೈಯರ್ 20 ವ್ಯಾಟಿನ ಸ್ಪೀಕರನ್ನು ಹೇಗೆ ಸುಡುತ್ತದೆ ಅಂತ ನಾನು ಆ ಹಿರಿಯರನ್ನು ಕೇಳಿದ್ದೆ. ಅವರು 'ಚಿಕ್ಕ ಆಂಪ್ಲಿಫೈಯರ್ ಕೂಗಿಸಿದ್ರೇ ಸಾರ್ ಜಾಸ್ತಿ ಸುಡೋದು' ಅಂದರು. ಕಾರಣ ಅವರು ಬಿಡಿಸಿ ಹೇಳಲಿಲ್ಲ. ಅದು ಅರ್ಥವಾಗಲು ನನಗೆ ಇನ್ನೊಂದು ಸೆಟ್ಟು ಹೋಗಬೇಕಾಯಿತು.

ಅಲೆ ಚಪ್ಪಟೆಯಾಗುವುದು ಸ್ಪೀಕರಿನಲ್ಲೇ ಆಗಬೇಕು ಅಂತಿಲ್ಲ. ಕಂಪ್ಯೂಟರಿನಲ್ಲೇ ಆಗಿ ಬರಬಹುದು. ಹಾಡು ಹಾಕುವ ವಿಎಲ್‌ಸಿ ಪ್ಲೇಯರಿನಲ್ಲಿ ವಾಲ್ಯೂಮ್ 100 ದಾಟಿಸಲು ಬರುತ್ತದೆ. ನಮ್ಮ ಹುಡುಗರು ಅದನ್ನು ಕೊನೆಯವರೆಗೆ ಎಳೆದಿಡುತ್ತಿದ್ದರು. ಈಕ್ವಲೈಸರಿನ ಗೆರೆಗಳನ್ನೆಲ್ಲ ಮೇಲಕ್ಕೆ ದೂಡಿದರೂ ಅದೇ ಕಥೆ. ಅಲ್ಲಿ ಕೆಟ್ಟ ಅಲೆಯನ್ನು ಇಲ್ಲಿ ನಾಬ್ ತಗ್ಗಿಸಿ ಸರಿ ಮಾಡಲು ಆಗುವುದಿಲ್ಲ. ತಲೆ ಹೋದ ಬುಗುರಿ ತಲೆ ಹೋದ ಬುಗುರಿಯೇ.

ಈಗ ನಾನು ಮಾಡುವುದು ಇಷ್ಟು. ಪ್ಲೇಯರಿನಲ್ಲಿ 100 ದಾಟಿಸುವುದಿಲ್ಲ. ಈಕ್ವಲೈಸರ್ ಆಫ್. ಕಂಪ್ಯೂಟರಿನ ವಾಲ್ಯೂಮ್ 80ರ ಆಸುಪಾಸು. ಇನ್ನು ಏರಿಸುವುದು ಇಳಿಸುವುದು ಎಲ್ಲ ಸ್ಪೀಕರಿನ ನಾಬ್‌ನಲ್ಲೇ. ಹೊಸ ಸೆಟ್ಟು ತಂದ ದಿನ, ಇದ್ದುದರಲ್ಲೇ ಜೋರಾದ, ಡೋಲು ಜಾಸ್ತಿ ಇರುವ ಒಂದು ಹಾಡು ಹಾಕಿದೆ. ನಾಬ್ ನಿಧಾನಕ್ಕೆ ತಿರುಗಿಸಿದೆ. ಒಂದು ಜಾಗದಲ್ಲಿ ಹಾಡುವವರ ದನಿ ಬಿರಿದ ಹಾಗೆ ಆಗುತ್ತದೆ. ಸ, ಶ ಅಕ್ಷರಗಳು ಸೀಟಿ ಹೊಡೆಯುತ್ತವೆ. ಡೋಲಿನ ಏಟು 'ಢಂ' ಅನ್ನುವ ಬದಲು 'ತಪ್' ಅನ್ನುತ್ತದೆ. ಅಲ್ಲಿಂದ ಚೆನ್ನಾಗಿ ಹಿಂದಕ್ಕೆ ಬಂದೆ. ಮಾವ ಕೆಂಪು ಅರಗಿನ ಕಡ್ಡಿಯ ತುದಿ ಕಾಯಿಸಿ, ಅಲ್ಲೊಂದು ಬೊಟ್ಟಿಟ್ಟರು. ನಾಬ್‌ನ ಗೆರೆ ಆ ಬೊಟ್ಟನ್ನು ದಾಟಬಾರದು. ಆರು ಜನಕ್ಕೂ ಹೇಳಿದ್ದಾಯಿತು. ನಾನು ಬಾಯಲ್ಲಿ ನೂರು ಸಲ ಹೇಳಿದ್ದನ್ನು ಕೇಳದವರು ಆ ಬೊಟ್ಟಿನ ಮಾತು ಕೇಳುತ್ತಾರೆ.

ಬೇಸ್ ನಾಬ್ ಬಗ್ಗೆ ಬೇರೆಯೇ ಹೇಳಬೇಕು. ಅದನ್ನು ಪೂರ್ತಿ ತಿರುಗಿಸಿಡುವುದು ನಮ್ಮ ಕಡೆ ಒಂದು ಅಭ್ಯಾಸ. ಬೇಸ್ 6 ಡೆಸಿಬಲ್ (ಸದ್ದಿನ ಮಟ್ಟದ ಅಳತೆ) ಏರಿಸಿದರೆ ಆಂಪ್ಲಿಫೈಯರ್ ಆ ಸ್ವರಗಳಿಗೆ ನಾಲ್ಕು ಪಟ್ಟು ಶಕ್ತಿ ಕೊಡಬೇಕು. ಇದ್ದಬದ್ದ ಶಕ್ತಿಯೆಲ್ಲ ಅಲ್ಲಿಗೇ ಹೋಗುತ್ತದೆ. ಲೇತಿನ ಗುಂಯ್‌ಗುಟ್ಟುವ ಸದ್ದಿನ ನಡುವೆ ಆ ಬೇಸ್ ಕಿವಿಗೆ ಕೇಳಿಸುವುದೂ ಇಲ್ಲ. ಕೇಳಬೇಕಾದ್ದು ಹಾಡಿನ ಮಾತು. ಬೇಸ್ ಅರ್ಧಕ್ಕೆ ಇಳಿಸಿದ ಮೇಲೆ ಅದೇ ವಾಲ್ಯೂಮಿನಲ್ಲಿ ಮಾತು ಎಷ್ಟೋ ಸ್ಪಷ್ಟವಾಯಿತು. ವೂಫರ್ ಮುಟ್ಟಿದರೆ ತಣ್ಣಗಿರತೊಡಗಿತು.

ಎರಡನೇ ಸೆಟ್ಟಿನ ಸಾವಿಗೆ ಕಾರಣ ನಮ್ಮದೇ ಒಂದು ಒಳ್ಳೆಯ ಯೋಚನೆ. ಹೊರಗಡೆ ಬಣ್ಣ ವಿಂಗಡಿಸುತ್ತ ಕೂರುವ ಹೆಂಗಸರಿಗೆ ಹಾಡು ಕೇಳುತ್ತಿರಲಿಲ್ಲ. ಮೊದಲ ಸೆಟ್ಟಿನಲ್ಲಿ ಚೆನ್ನಾಗಿದ್ದ ಬಲಗಡೆ ಬಾಕ್ಸನ್ನು ಮಾವ ಉದ್ದ ವೈರು ಎಳೆದು ಹೊರಗೆ ನೇತು ಹಾಕಿದರು. ಹಿಂದುಗಡೆ ಈಗಿದ್ದ ವೈರಿನ ಜೊತೆಗೇ ಸೇರಿಸಿ ಸಿಕ್ಕಿಸಿದ್ದಷ್ಟೇ. ಹಾಡು ಬಂತು, ಎಲ್ಲರಿಗೂ ಖುಷಿ. ಆದರೆ 4 ಓಮ್‌ನ (ಓಮ್ ಅಂದರೆ ತಡೆಯ ಅಳತೆ) ಎರಡು ಬಾಕ್ಸು ಹೀಗೆ ಒಟ್ಟಿಗೆ ಸೇರಿದರೆ ಆಂಪ್ಲಿಫೈಯರ್‌ಗೆ ಅದು 2 ಓಮ್. ಎರಡು ಪಟ್ಟು ಕರೆಂಟು ಎಳೆಯುತ್ತದೆ. ಒಳಗೆ ಆಂಪ್ಲಿಫೈಯರಿನ ಕೆಲಸ ಮಾಡುತ್ತಿದ್ದದ್ದು ಐದು ಕಾಲಿನ ಟಿಡಿಎ 2030 ಐಸಿ. ಆ ಕಾಲದ ಇಂಥ ಸೆಟ್ಟುಗಳಲ್ಲಿ ಬಹಳ ಕಡೆ ಅದೇ ಇರುತ್ತಿತ್ತು. 4 ಓಮ್‌ಗೆ ಹದಿನಾಲ್ಕು ವ್ಯಾಟಿನಷ್ಟು ಕೊಡಬಲ್ಲ ನಿಯತ್ತಿನ ಚಿಪ್ಪು. ಜಾಸ್ತಿ ಕಾದರೆ ತಾನೇ ಬಂದ್ ಆಗಿ, ತಣ್ಣಗಾದ ಮೇಲೆ ತಾನೇ ಶುರುವಾಗುವ ಗುಣವೂ ಅದಕ್ಕಿದೆ. ಎರಡು ಬೇಸಿಗೆ, ಮಧ್ಯಾಹ್ನ ಮೂರರ ಹೊತ್ತಿಗೆ ಹಾಡು ನಿಲ್ಲುತ್ತಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಬರುತ್ತಿತ್ತು. 'ಅದೂ ಟೀ ಕುಡಿಯಾಕೆ ಹೋಗ್ತದೆ' ಅನ್ನುತ್ತಿದ್ದರು ಹೆಂಗಸರು. ಅದು ದಿನಾ ಕೈ ಮುಗಿದು ಕೇಳಿಕೊಳ್ಳುತ್ತಿತ್ತು. ನಮಗೆ ಗೊತ್ತಾಗಲಿಲ್ಲ. ಒಂದು ದಿನ ಹತ್ತು ನಿಮಿಷ ಕಳೆದರೂ ಬರಲಿಲ್ಲ.

ನಿಮ್ಮ ಸ್ಪೀಕರ್ ಹೀಗೆ ಮಧ್ಯೆ ನಿಂತು ಮತ್ತೆ ಹಾಡುತ್ತಿದ್ದರೆ ದಯವಿಟ್ಟು ಸುಮ್ನೆ ಬಿಡಬೇಡಿ.

ಹಾಗಾದರೆ ಹೊರಗಿನವರಿಗೆ ಹಾಡು ಬೇಡವೇ? ಬೇಕು. ಇಲ್ಲೇ ನಾನು ಕಲಿತದ್ದರಲ್ಲಿ ದೊಡ್ಡ ವಿಷಯ ಇರುವುದು. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ನಾಬ್ ತಿರುಗಿಸಿ ಅದನ್ನು ಪಡೆಯಲು ಹೊರಟರೆ ಮೊದಲ ಸೆಟ್ಟಿನ ಗತಿಯೇ. ಆದರೆ ಬಾಕ್ಸಿಗೂ ಕಿವಿಗೂ ಇರುವ ದೂರ ಅರ್ಧ ಮಾಡಿದರೆ, ಬಾಕ್ಸಿನಿಂದ ನೇರ ಬರುವ ಸದ್ದು 6 ಡೆಸಿಬಲ್ ಏರುತ್ತದೆ. ಬಿಟ್ಟಿ! ನಾಲ್ಕು ಪಟ್ಟು ಶಕ್ತಿ ಹಾಕಿದಷ್ಟು ಲಾಭ, ಒಂದು ವ್ಯಾಟ್ ಕೂಡ ಖರ್ಚಿಲ್ಲ. ಶೀಟು, ಗೋಡೆಗೆ ಬಡಿದು ಬರುವ ಸದ್ದೂ ಇರುವುದರಿಂದ ಒಳಗಡೆ ಲೆಕ್ಕ ಇಷ್ಟು ಚೊಕ್ಕವಾಗಿ ಕೂರುವುದಿಲ್ಲ. ಆದರೂ ವ್ಯತ್ಯಾಸ ದೊಡ್ಡದು.

ಮೊದಲು ಎರಡೂ ಬಾಕ್ಸು ಕಂಪ್ಯೂಟರಿನ ಪಕ್ಕ, ಹನ್ನೆರಡು ಅಡಿ ದೂರದ ಶೆಲ್ಫಿನಲ್ಲಿದ್ದವು. ಈಗ ದಪ್ಪ ವೈರು ಎಳೆದು, ಎರಡು ಲೇತಿಗೆ ಒಂದರಂತೆ, ತಲೆಗಿಂತ ಸ್ವಲ್ಪ ಮೇಲೆ ಕಿವಿಯ ಕಡೆ ಮುಖ ಮಾಡಿ ನೇತು ಹಾಕಿದ್ದೇವೆ. ಮೂರಡಿ ದೂರ. ಹೊರಗಿನವರಿಗೆ ಎರಡು ಬಾಕ್ಸಿನ ಇನ್ನೊಂದು ಚಿಕ್ಕ ಸೆಟ್ಟು ತಂದು, ಕಂಪ್ಯೂಟರಿನ ಪಿನ್ನಿಗೆ ಎರಡು ಕವಲಿನ ವೈರು ಹಾಕಿ ಸೇರಿಸಿದೆವು. ಅದಕ್ಕೆ ಅದರದ್ದೇ ಆಂಪ್ಲಿಫೈಯರ್ ಇದೆ. ಇದರ ಹೊರೆ ಅದು ಹೊರುವುದಿಲ್ಲ, ಅದರ ಹೊರೆ ಇದು ಹೊರುವುದಿಲ್ಲ. ನಾಬ್ ಈಗ ಅರಗಿನ ಬೊಟ್ಟಿನ ಹತ್ತಿರಕ್ಕೂ ಹೋಗುವುದು ಅಪರೂಪ.

ಇನ್ನು ಧೂಳು. ನಾವು ಬೊಂಬೆ ಕಡೆಯುವ ಹಾಲೆ ಮರದ ಪುಡಿ ಮೈದಾ ಹಿಟ್ಟಿನಷ್ಟು ನುಣ್ಣಗೆ ಇರುತ್ತದೆ. ವೂಫರಿನ ಗಾಳಿ ಕೊಳವೆ ಪ್ರತಿ ಏಟಿಗೂ ಗಾಳಿ ಉಗುಳಿ ಎಳೆದುಕೊಳ್ಳುತ್ತದೆ. ಎಳೆದುಕೊಳ್ಳುವಾಗ ಪುಡಿಯೂ ಒಳಗೆ. ಎರಡನೇ ಸೆಟ್ಟು ಬಿಚ್ಚಿದಾಗ, ಐಸಿಯ ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕಿನ ಮೇಲೆ ಬೆರಳು ದಪ್ಪ ಹೊದಿಕೆ. ಮಾರ್ಚ್ ತಿಂಗಳ ಶೀಟಿನ ಕೆಳಗೆ ಕಂಬಳಿ ಹೊದ್ದು ಕೂತ ಹಾಗೆ ಇತ್ತು ಅದರ ಸ್ಥಿತಿ. ಈಗ ವೂಫರ್ ಲೇತಿನಿಂದ ದೂರ, ಗೋಡೆಯಿಂದ ಒಂದು ಗೇಣು ಮುಂದೆ ಇದೆ. ಹೀಟ್‌ಸಿಂಕ್ ಇರುವ ಹಿಂಭಾಗಕ್ಕೆ ಗಾಳಿ ಆಡುತ್ತದೆ. ಕೊಳವೆಗೆ ಸೊಳ್ಳೆ ಪರದೆಯ ತುಂಡು ಹಾಕಿದೆ. ದಪ್ಪ ಬಟ್ಟೆ ಹಾಕಬೇಡಿ, ಗಾಳಿ ಕಟ್ಟುತ್ತದೆ. ಹಳೇ ಕಂಪ್ಯೂಟರಿನ 12 ವೋಲ್ಟ್ ಫ್ಯಾನೊಂದನ್ನು ಬೇರೆ ಅಡಾಪ್ಟರ್ ಕೊಟ್ಟು ಹೀಟ್‌ಸಿಂಕಿಗೆ ಗಾಳಿ ಬೀಸುವ ಹಾಗೆ ನಿಲ್ಲಿಸಿದೆ. ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಪುಡಿ ಉದುರಿಸುತ್ತೇನೆ. ವರ್ಷಕ್ಕೊಮ್ಮೆ, ಆಯುಧಪೂಜೆಯ ಹಿಂದಿನ ದಿನ, ಪ್ಲಗ್ ಕಿತ್ತು ಅರ್ಧ ಗಂಟೆ ಬಿಟ್ಟು ಬಿಚ್ಚುತ್ತೇನೆ. ಕರೆಂಟು ಕೂಡಿಟ್ಟುಕೊಳ್ಳುವ ಕೆಪಾಸಿಟರಿನಲ್ಲಿ ಉಳಿದದ್ದು ಇಳಿಯಲಿ ಅಂತ. ಬೇಸ್‌ನ ಅದುರಿಗೆ ಸಡಿಲವಾದ ಸ್ಕ್ರೂ ಬಿಗಿ ಮಾಡುತ್ತೇನೆ. ಬಿರುಕು ಬಿಟ್ಟ ಬೆಸುಗೆ ಇದ್ದರೆ ಮತ್ತೆ ಬೆಸೆಯುತ್ತೇನೆ. ಮಾರನೇ ದಿನ ಲೇತುಗಳ ಜೊತೆ ಅದಕ್ಕೂ ಕುಂಕುಮ.

ಬಿಸಿ ಕಮ್ಮಿಯಾದ ಲಾಭ ಕಾಯಿಲ್‌ಗೆ ಮಾತ್ರ ಅಲ್ಲ. ಒಳಗಿನ ದೊಡ್ಡ ಫಿಲ್ಟರ್ ಕೆಪಾಸಿಟರುಗಳ ಆಯಸ್ಸು ಪ್ರತಿ 10 ಡಿಗ್ರಿ ತಂಪಿಗೆ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. 2019ರಲ್ಲಿ ಹಾಡಿಲ್ಲದಾಗಲೂ ಗುಂಯ್ ಅನ್ನುವ ಸದ್ದು ಶುರುವಾಯಿತು. ಬಿಚ್ಚಿ ನೋಡಿದರೆ 85 ಡಿಗ್ರಿ ಅಂತ ಬರೆದ ಎರಡು ಕೆಪಾಸಿಟರುಗಳ ತಲೆ ಪೂರಿಯ ಹಾಗೆ ಉಬ್ಬಿತ್ತು. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ವೋಲ್ಟೇಜಿನ, ಆದರೆ 105 ಡಿಗ್ರಿಯವು ತಂದು ಹಾಕಿದೆ. ಒಂದು ಪ್ಲೇಟ್ ಇಡ್ಲಿ ವಡೆಯ ಖರ್ಚು.

ಕರೆಂಟು ಹೋಗಿ ಬರುವ ಊರಿನವರು ಇನ್ನೊಂದು ನೆನಪಿಡಿ. ಕರೆಂಟು ಹೋದ ತಕ್ಷಣ ಸ್ಪೀಕರಿನ ಸ್ವಿಚ್ ಆಫ್ ಮಾಡಿ. ಬಂದ ಮೇಲೆ ಮೊದಲು ಕಂಪ್ಯೂಟರ್, ಕೊನೆಗೆ ಸ್ಪೀಕರ್. ಆಫ್ ಮಾಡುವಾಗ ಮೊದಲು ಸ್ಪೀಕರ್. ಈ ಕ್ರಮ ತಪ್ಪಿದಾಗ ಬರುವ 'ಧಡ್' ಅನ್ನುವ ಸದ್ದು ಪ್ರತಿ ಸಲವೂ ಕೋನ್‌ಗೆ ಬೀಳುವ ಒದೆ. ಇನ್ನು ಯುಎಸ್‌ಬಿಯಿಂದಲೇ ಕರೆಂಟು ಎಳೆಯುವ ಚಿಕ್ಕ ಸ್ಪೀಕರುಗಳಿಂದ ಇಂಥ ಕೆಲಸ ಆಗದು. ಹಳೇ ಯುಎಸ್‌ಬಿ ಪೋರ್ಟು ಕೊಡುವುದೇ ಹೆಚ್ಚೆಂದರೆ 2.5 ವ್ಯಾಟ್. ಹೊಸದು ಕೊಳ್ಳುವುದಿದ್ದರೆ ಕ್ಲಾಸ್ ಡಿ ಆಂಪ್ಲಿಫೈಯರ್ ಇರುವುದನ್ನು ನೋಡಿ. ಅಷ್ಟೇ ಸದ್ದಿಗೆ ಬಹಳ ಕಮ್ಮಿ ಕಾಯುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ನನ್ನನ್ನು ಕಾಡಿದ್ದು ಒಂದು. ನಾಬ್ ತಿರುಗಿಸಲು ಎದ್ದು ಹೋಗುತ್ತಿದ್ದವರು ಹೆಚ್ಚಾಗಿ ಮಾವನೇ. ಉಳಿದವರಿಗೆ ಕೇಳುತ್ತಿದ್ದ ಹಾಡು ಅವರಿಗೆ ಕೇಳುತ್ತಿರಲಿಲ್ಲ. ಹದಿನೈದನೇ ವಯಸ್ಸಿನಿಂದ ಲೇತಿನ ಪಕ್ಕ ನಿಂತ ಕಿವಿ ಅದು. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಅನ್ನುವುದು ಕೆಲಸದ ಜಾಗಕ್ಕೆ ತಜ್ಞರು ಹೇಳುವ ಮಿತಿ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಹೊತ್ತು ಅರ್ಧವಾಗುತ್ತದೆ. ಫೋನಿನಲ್ಲಿ ಅಳೆದು ನೋಡಿದೆ. ಫೋನಿನ ಅಳತೆ ಕರಾರುವಾಕ್ಕಲ್ಲ, ಆದರೂ ಅಂಕಿ ನೋಡಿ ಹೊಟ್ಟೆ ಚುರ್ ಅಂತು. ಲೇತು ಮತ್ತು ಹಾಡು ಸೇರಿ ನಾವು ಆ ಮಿತಿಯನ್ನು ಎಷ್ಟೋ ಮುಂದೆ ದಾಟಿದ್ದೆವು. ಸ್ಪೀಕರ್‌ನ ಕಾಯಿಲ್ ಸುಟ್ಟರೆ ಎಸ್.ಪಿ. ರಸ್ತೆಯಲ್ಲಿ ಮತ್ತೆ ಕಟ್ಟಿಸಬಹುದು. ಮಾವನ ಕಿವಿಯನ್ನು ಎಲ್ಲಿ ಕಟ್ಟಿಸಲಿ?

ಲೇತಿನ ಹಳೇ ಬೇರಿಂಗುಗಳನ್ನು ಬದಲಿಸಿದೆವು. ಮೋಟರಿನ ಕೆಳಗೆ ರಬ್ಬರ್ ಹಾಕಿದೆವು. ಲೇತಿನ ಸದ್ದು ಇಳಿದಷ್ಟೂ ಹಾಡನ್ನು ಇಳಿಸಲು ಆಯಿತು. ಮರ ಒರಟಾಗಿ ಕಡೆಯುವಾಗ ಎಲ್ಲರ ಕಿವಿಗೂ ಸ್ಪಂಜಿನ ಪ್ಲಗ್ಗು. ಅರಗು ಹಚ್ಚುವ ಹೊತ್ತಿಗೆ ಸದ್ದು ಕಮ್ಮಿ, ಆಗ ತೆಗೆಯುತ್ತಾರೆ. ಮಾವ ಮೊದಮೊದಲು ಹಟ ಮಾಡಿದರು. ಈಗ ಬೆಳಿಗ್ಗೆ ದೇವರಿಗೆ ಕೈ ಮುಗಿದು ಬಂದವರೇ ಅಂಗಿ ಜೇಬಿನಿಂದ ಪ್ಲಗ್ಗಿನ ಡಬ್ಬಿ ತೆಗೆಯುತ್ತಾರೆ. ಊಟದ ಹೊತ್ತಿಗೆ ಲೇತು ನಿಂತಾಗ ನಾಬ್ ಕಾಲು ಭಾಗಕ್ಕೆ ಇಳಿಸುವ ಕೆಲಸವನ್ನು ಅವರೇ ವಹಿಸಿಕೊಂಡಿದ್ದಾರೆ. ಕಾಯಿಲ್ ತಣ್ಣಗಾಗಲಿ ಅಂತ.

ಮೊನ್ನೆ ಅವರ ಲೇತಿನ ಮೇಲಿನ ಬಾಕ್ಸು ಒರೆಸುವಾಗ ಕೋನ್‌ನ ಸುತ್ತಲಿನ ಫೋಮ್ ನೋಡಿದೆ. ಕೆಳಗಡೆ ಅಂಚಿನಲ್ಲಿ ಉಗುರಿನಷ್ಟು ಉದ್ದದ ಬಿರುಕು ಬಿಟ್ಟಿದೆ. ಫೋಮ್‌ಗೆ ವಯಸ್ಸಾದರೆ ಹೀಗೆ ಪುಡಿಯಾಗುತ್ತದೆ. ಅಳತೆ ತೆಗೆದುಕೊಂಡಿದ್ದೇನೆ. ಈ ಸಲ ರಬ್ಬರಿನ ರಿಂಗ್ ಸಿಕ್ಕರೆ ಅದನ್ನೇ ತರಬೇಕು. ಭಾನುವಾರ ಬೆಂಗಳೂರಿಗೆ ಹೋಗುವ ಪುರುಸೊತ್ತಿಲ್ಲ, ಸೋಮವಾರ ಆರ್ಡರ್ ಕೊಡಲು ಮಾವ ಹೇಗೂ ಹೊರಡುತ್ತಾರೆ. ಅವರ ಜೊತೆ ಹೋಗಿ ಬರುತ್ತೇನೆ.